ಜೀವವನ್ನು ಹುಡುಕುವ ಯಂತ್ರಕ್ಕೆ ನಿರ್ಜೀವದ ಪಾಠ

ಮಂಗಳಗ್ರಹದ ವಿಷಯದಲ್ಲಿ ಮನುಷ್ಯನ ಕಣ್ಣು ತನ್ನನ್ನು ತಾನು ವಂಚಿಸಿಕೊಂಡಷ್ಟು ಬೇರಾವ ಆಕಾಶಕಾಯದ ವಿಷಯದಲ್ಲಿಯೂ ವಂಚಿಸಿಕೊಂಡಿರಲಾರದು. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿಯು ದೂರದರ್ಶಕದಲ್ಲಿ ಕಂಡು ನಕ್ಷೆಯಲ್ಲಿ ಬರೆದ ಗೆರೆಗಳನ್ನು, ಬತ್ತುತ್ತಿರುವ ತಮ್ಮ ಲೋಕವನ್ನು ಉಳಿಸಿಕೊಳ್ಳಲು ಅಲ್ಲಿಯ ಜನ ತೋಡಿದ ಕಾಲುವೆಗಳೆಂದು ಅಮೆರಿಕದ ಪರ್ಸಿವಲ್ ಲೊವೆಲ್ ಪ್ರತಿಪಾದಿಸಿದನು. ಅವನು ಅವಿದ್ಯಾವಂತನೂ ಅಲ್ಲ, ವಂಚಕನೂ ಅಲ್ಲ, ಅರಿಜೋನದಲ್ಲಿ ಸ್ವಂತ ಹಣದಿಂದ ವೀಕ್ಷಣಾಲಯವನ್ನು ಕಟ್ಟಿಸಿ ತಾಳ್ಮೆಯಿಂದ ಆಕಾಶವನ್ನು ನೋಡಿದವನು. ಆದರೆ ಕಾಲುವೆಗಳು ಮಾತ್ರ ಇರಲಿಲ್ಲ. 1976ರ ಜುಲೈ 25ರಂದು ವೈಕಿಂಗ್ ನೌಕೆ ತೆಗೆದ ಚಿತ್ರದಲ್ಲಿ ಸಾಕ್ಷಾತ್ ಮನುಷ್ಯನ ಮುಖವೊಂದು ಕಾಣಿಸಿತು. 2001ರಲ್ಲಿ ಇನ್ನಷ್ಟು ತೀಕ್ಷ್ಣವಾದ ಕ್ಯಾಮೆರಾ ನೋಡಿದಾಗ ಅದು ಸವೆದ ದಿಬ್ಬವಾಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳಿದುದು ಇಂಥ ಪ್ರಸಂಗಗಳಿಗಾಗಿಯೇ ಇರಬೇಕು.

ಈಗ ಆ ನೋಡುವ ಕೆಲಸವನ್ನೇ ನಾವು ಯಂತ್ರಕ್ಕೆ ಒಪ್ಪಿಸುತ್ತಿದ್ದೇವೆ, ಮತ್ತು ಒಪ್ಪಿಸದೆ ಗತ್ಯಂತರವೂ ಇಲ್ಲ. ಭೂಮಿಯಿಂದ ಹೊರಟ ಆಜ್ಞೆಯು ಮಂಗಳವನ್ನು ಮುಟ್ಟಲು, ಗ್ರಹಗಳ ದೂರಕ್ಕನುಸಾರವಾಗಿ, 3ರಿಂದ 22 ನಿಮಿಷಗಳು ಬೇಕಾಗುತ್ತವೆ. ಪ್ರತಿಯೊಂದು ಕಲ್ಲಿನ ಮುಂದೆಯೂ ವಾಹನವು ನಿಂತು ಅಪ್ಪಣೆ ಕೇಳುವುದಾದರೆ ಅದರ ಆಯುಷ್ಯವೆಲ್ಲ ಕಾಯುವುದರಲ್ಲಿಯೇ ಮುಗಿದೀತು. ಆದುದರಿಂದ 2016ರಿಂದ ಕ್ಯೂರಿಯಾಸಿಟಿ ವಾಹನದಲ್ಲಿ ಏಜಿಸ್ ಎಂಬ ತಂತ್ರಾಂಶವು ಕೆಲಸಮಾಡುತ್ತಿದೆ. ಪ್ರಯಾಣ ಮುಗಿದೊಡನೆ ವಾಹನವು ಸುತ್ತಲಿನ ಚಿತ್ರವನ್ನು ತೆಗೆಯುತ್ತದೆ. ತಂತ್ರಾಂಶವು ಅದರಲ್ಲಿ ಬೆಳಕು ನೆರಳುಗಳು ಸಂಧಿಸುವ ಅಂಚುಗಳನ್ನು ಹುಡುಕಿ, ಸುತ್ತಿಬಂದು ತನ್ನನ್ನು ತಾನೇ ಕೂಡಿಕೊಳ್ಳುವ ಅಂಚನ್ನು ಕಲ್ಲೆಂದು ಬಗೆದು, ಅದರ ಹೊಳಪು, ಗಾತ್ರ, ಆಕಾರಗಳನ್ನು ಅಳೆದು, ವಿಜ್ಞಾನಿಗಳು ಮೊದಲೇ ಹೇಳಿಟ್ಟ ಲಕ್ಷಣಕ್ಕೆ ಹೊಂದುವುದರ ಮೇಲೆ ಲೇಸರನ್ನು ಗುರಿಯಿಡುತ್ತದೆ. ಈ ಬಗೆಯಲ್ಲಿ ಆರಿಸಿದ ಕಲ್ಲು ವಿಜ್ಞಾನಿಗಳಿಗೆ ಬೇಕಾದುದೇ ಆಗಿದ್ದ ಪ್ರಮಾಣ ಶೇಕಡಾ 93 ಎಂದೂ, ಕುರುಡಾಗಿ ಗುರಿಯಿಟ್ಟಿದ್ದರೆ ಅದು 24ರಷ್ಟೇ ಇರುತ್ತಿತ್ತೆಂದೂ ಮರುವರ್ಷ ಪ್ರಕಟವಾದ ವರದಿ ಹೇಳಿತು.

ಇದಕ್ಕಿಂತ ಮುಂದಿನ ಹೆಜ್ಜೆಯನ್ನು 2023ರಲ್ಲಿ ಪ್ರಕಟವಾದ, ಚಿಲಿ ದೇಶದ ಸಲಾರ್ ದೆ ಪಹೋನಾಲೆಸ್ ಎಂಬ ಎತ್ತರದ ಉಪ್ಪುನೆಲದ ಅಧ್ಯಯನದಲ್ಲಿ ಕಾಣಬಹುದು. ಅಲ್ಲಿ ಜಿಪ್ಸಮ್ಮಿನ ಗುಮ್ಮಟಗಳ ಒಳಗೆ ಸೂಕ್ಷ್ಮಜೀವಿಗಳು ಅಡಗಿ ಬದುಕುತ್ತವೆ. ಡ್ರೋನ್ ಚಿತ್ರಗಳಿಂದಲೂ ನೆಲದ ಮಾದರಿಗಳಿಂದಲೂ ಕಲಿತ ಕೃತಕ ಬುದ್ಧಿಯು ಆ ಜೀವಕುರುಹುಗಳನ್ನು ಶೇಕಡಾ 87.5ರವರೆಗೆ ಸರಿಯಾಗಿ ಹುಡುಕಿಕೊಟ್ಟಿತು. ಗೊತ್ತುಗುರಿಯಿಲ್ಲದ ಹುಡುಕಾಟದಲ್ಲಿ ಆ ಪ್ರಮಾಣ ಶೇಕಡಾ 10ನ್ನು ಮೀರಲಿಲ್ಲ. ಶ್ಲಾಘ್ಯವಾದ ಸಾಧನೆಯೇ. ಆದರೆ ಆ ಯಂತ್ರದ ಉತ್ತರಪತ್ರಿಕೆಯನ್ನು ತಿದ್ದಲು ಅಲ್ಲಿ ಉಪಾಧ್ಯಾಯರಿದ್ದರು: ಗುಮ್ಮಟವನ್ನು ಒಡೆದು, ಒಳಗಿನದು ಜೀವವೇ ಎಂದು ನಿಶ್ಚಯಿಸಬಲ್ಲವರು. ಮಂಗಳದಲ್ಲಿ ಅಂಥವರು ಯಾರೂ ಇಲ್ಲ. ಯಂತ್ರವು ಕಲಿತಿರುವುದೆಲ್ಲ ಭೂಮಿಯ ಜೀವದ ರೂಪಗಳನ್ನೇ ಆಗಿರುವಾಗ, ಆ ರೂಪಗಳನ್ನು ನಟಿಸಬಲ್ಲ ನಿರ್ಜೀವ ಶಿಲೆಯ ಎದುರಿಗೆ ಅದು ಲೊವೆಲ್ಲನಿಗಿಂತ ಹೆಚ್ಚು ವಿವೇಕಿಯಾಗಿರುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಒಂದೇ ವ್ಯತ್ಯಾಸವೆಂದರೆ ಯಂತ್ರದ ಭ್ರಮೆಯು ಶೇಕಡಾವಾರು ಅಂಕಿಯ ವೇಷದಲ್ಲಿ ಬಂದು, ನಮ್ಮ ಸಂಶಯವನ್ನು ಸುಲಭವಾಗಿ ನಿದ್ದೆಗೆ ತಳ್ಳುತ್ತದೆ.

ಈ ಮಾತಿಗೆ ಗ್ರೀನ್‌ಲ್ಯಾಂಡಿನ ಒಂದು ವಿವಾದವೇ ಸಾಕ್ಷಿ. ಸೂಕ್ಷ್ಮಜೀವಿಗಳ ಪದರಗಳು ಕಲ್ಲಾಗಿ ಉಳಿದ ಸ್ಟ್ರೊಮ್ಯಾಟೊಲೈಟುಗಳು ಅಲ್ಲಿಯ 370 ಕೋಟಿ ವರ್ಷಗಳ ಶಿಲೆಯಲ್ಲಿವೆಯೆಂದು 2016ರಲ್ಲಿ ಒಂದು ತಂಡ ಸಾರಿತು. ಎರಡೇ ವರ್ಷಗಳಲ್ಲಿ ಅಬಿಗೇಲ್ ಆಲ್‌ವುಡ್ ಮತ್ತು ಸಂಗಡಿಗರು, ಒಂದು ಪಾರ್ಶ್ವದಿಂದ ಶಂಕುಗಳಂತೆ ತೋರಿದವು ಇನ್ನೊಂದು ಪಾರ್ಶ್ವದಿಂದ ನೋಡಿದರೆ ಉದ್ದನೆಯ ಏಣುಗಳೆಂದೂ, ಭೂಗರ್ಭದ ಒತ್ತಡವು ಕಲ್ಲನ್ನು ಹಿಂಡಿದುದರ ಫಲವೆಂದೂ ಬರೆದರು. ಮೊದಲ ತಂಡ ಇದನ್ನು ಒಪ್ಪಲಿಲ್ಲ. ಕೈಯಲ್ಲಿ ಸುತ್ತಿಗೆ ಹಿಡಿದು, ಕಲ್ಲಿನ ಸುತ್ತ ಓಡಾಡಬಲ್ಲ ನುರಿತ ಭೂವಿಜ್ಞಾನಿಗಳಲ್ಲಿಯೇ ಇಷ್ಟು ಭಿನ್ನಾಭಿಪ್ರಾಯ! ಇದೇ ಆಲ್‌ವುಡ್ ಅವರ ನೇತೃತ್ವದಲ್ಲಿ ಮಂಗಳದ ಪರ್ಸಿವಿಯರೆನ್ಸ್ ವಾಹನದ ಪಿಕ್ಸೆಲ್ ಉಪಕರಣವು ರೂಪುಗೊಂಡುದು, ನನ್ನ ದೃಷ್ಟಿಯಲ್ಲಿ, ಆ ಯಾತ್ರೆಯ ಅತ್ಯಂತ ಭರವಸೆಯ ಸಂಗತಿ. ಏಕೆಂದರೆ ಹುಡುಕುವ ಉಪಕರಣವು ಅಲ್ಲಗಳೆಯಲು ಬಲ್ಲವರ ಕೈಯಲ್ಲಿ ಹುಟ್ಟಬೇಕು. ಆ ಉಪಕರಣದ ವರ್ತನೆಯೂ ಹಾಗೆಯೇ ಇದೆ: ಅಂಚೆಚೀಟಿಯಷ್ಟು ಜಾಗವನ್ನು ಎಕ್ಸ್-ಕಿರಣದಿಂದ ಚುಕ್ಕೆಚುಕ್ಕೆಯಾಗಿ ಗಂಟೆಗಟ್ಟಲೆ ತಡವುವಾಗ ಚಳಿಬಿಸಿಲುಗಳಿಂದ ವಾಹನದ ತೋಳು ಕುಗ್ಗಿ ಹಿಗ್ಗಿದರೆ, ತಾನೇ ಕಲ್ಲಿನ ಚಿತ್ರವನ್ನು ತೆಗೆದು, ಎಷ್ಟು ಸರಿದಿದ್ದೇನೆಂದು ತಿಳಿದು, ಆರು ಪುಟ್ಟ ಕಾಲುಗಳ ಮೇಲೆ ಸ್ವಸ್ಥಾನಕ್ಕೆ ಮರಳುತ್ತದೆ.

2024ರ ಜುಲೈನಲ್ಲಿ ಈ ವಾಹನವು ಹಳೆಯ ನದೀಪಾತ್ರವೊಂದರಲ್ಲಿ ಕಂಡ ಚೆಯಾವ ಫಾಲ್ಸ್ ಎಂಬ ಬಂಡೆಯು ಸುಮಾರು ಒಂದು ಮೀಟರ್ ಉದ್ದವಿದ್ದು, ಅದರ ಮೈಮೇಲೆ ಚಿರತೆಯ ಚುಕ್ಕೆಗಳಂತೆ, ಕಪ್ಪು ಅಂಚಿನ ಮಿಲಿಮೀಟರ್ ಗಾತ್ರದ ಬಿಳಿಚು ಮಚ್ಚೆಗಳಿದ್ದವು. ಅಂಚಿನಲ್ಲಿ ಕಬ್ಬಿಣ, ರಂಜಕಗಳುಳ್ಳ ಖನಿಜಗಳು. ಬಂಡೆಯಲ್ಲಿ ಸಾವಯವ ಇಂಗಾಲ. ಭೂಮಿಯ ಕೆಸರಿನಲ್ಲಿ ಇಂಥ ಖನಿಜಗಳು ಅನೇಕ ವೇಳೆ ಸೂಕ್ಷ್ಮಜೀವಿಗಳ ಉಸಿರಾಟದ ಉಚ್ಛಿಷ್ಟವಾಗಿ ಉಂಟಾಗುತ್ತವೆ, ಜೀವವಿಲ್ಲದೆಯೂ ಉಂಟಾಗಬಲ್ಲವು. 2025ರ ಸೆಪ್ಟೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದವರು ಸಂಭಾವ್ಯ ಕುರುಹು ಎಂಬ ಮಾತಿಗಿಂತ ಮುಂದೆ ಹೋಗಲಿಲ್ಲ. ಹೋದವು ನಮ್ಮ ವಾರ್ತಾಪತ್ರಿಕೆಗಳ ಶೀರ್ಷಿಕೆಗಳು. ಆ ಬಂಡೆಯ ತುಣುಕು ಕೊಳವೆಯಲ್ಲಿ ಭದ್ರವಾಗಿ ಮಂಗಳದಲ್ಲಿಯೇ ಇದೆ; ಅದನ್ನು ತರುವ ಮೂಲ ಯೋಜನೆಗೆ 1,100 ಕೋಟಿ ಡಾಲರುಗಳವರೆಗೆ ವೆಚ್ಚವಾಗಿ, 2040ರವರೆಗೆ ಕಾಯಬೇಕಾಗುವುದೆಂದು ನಾಸಾ 2024ರಲ್ಲಿಯೇ ತಿಳಿಸಿ, ಅಗ್ಗದ ದಾರಿ ಯಾವುದೆಂದು ಕೇಳತೊಡಗಿತು. ಆರಿಸುವ ಕಣ್ಣಿಗೆ ಧಾರಾಳವಾಗಿ ಹಣ ಸುರಿದು, ತೀರ್ಪು ಕೊಡಬಲ್ಲ ಪ್ರಯೋಗಶಾಲೆಗೆ ಕಲ್ಲನ್ನು ತರುವಾಗ ಕೈಬಿಗಿಹಿಡಿಯುವುದು ಎಂಥ ಮಿತವ್ಯಯವೋ ತಿಳಿಯದು.

ಆ ತನಕ ಮಾಡಬಹುದಾದ ಅಗ್ಗದ ಕೆಲಸವೊಂದುಂಟು: ಜೀವವನ್ನು ಹೋಲುವ ನಿರ್ಜೀವರೂಪಗಳನ್ನು ಊರೂರಿನಿಂದ ಸಂಗ್ರಹಿಸಿ ಯಂತ್ರಕ್ಕೆ ಕಲಿಸುವುದು. ಇದಕ್ಕೆ ಚಿತ್ರದುರ್ಗ ಜಿಲ್ಲೆಯಂಥ ಪಾಠಶಾಲೆ ವಿರಳ. ಅಲ್ಲಿಯ ಪುರಾತನ ಶಿಲಾಪಟ್ಟಿಯಲ್ಲಿ 250 ಕೋಟಿ ವರ್ಷಗಳಿಗೂ ಹಿಂದಿನ ಸ್ಟ್ರೊಮ್ಯಾಟೊಲೈಟುಗಳಿವೆ. ಅದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನಡಿ ಉಕ್ಕಿದ ಲಾವಾರಸವು ತಲೆದಿಂಬುಗಳ ಆಕಾರದಲ್ಲಿ ಹೆಪ್ಪುಗಟ್ಟಿದ, ಜೀವದ ಸೋಂಕಿಲ್ಲದೆಯೇ ಉರುಟಾದ ಬಂಡೆಗಳಿವೆ, ಮತ್ತು ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಇಸ್ರೋದ ವಾಹನವೊಂದು ಮುಂದೆ ಮಂಗಳದ ನೆಲದಲ್ಲಿ ಇಳಿಯುವುದಾದರೆ, ಅದರ ಕಣ್ಣನ್ನು ಬೆಂಗಳೂರಿನಿಂದ ನಾಲ್ಕು ಗಂಟೆಗಳ ದಾರಿಯ ಈ ಎರಡು ಬಗೆಯ ಕಲ್ಲುಗಳ ನಡುವೆ ಮೊದಲು ಪರೀಕ್ಷಿಸಲಿ. ಎಷ್ಟು ಬಾರಿ ಸರಿಹೇಳಿತೆಂಬುದಕ್ಕಿಂತ ಮುಂಚೆ, ಮರಡಿಹಳ್ಳಿಯ ಲಾವಾವನ್ನು ಎಷ್ಟು ಬಾರಿ ಜೀವವೆಂದು ಹೇಳಿತೆಂಬ ಲೆಕ್ಕವನ್ನು ಪ್ರಕಟಿಸಲಿ.