ಎಪ್ಪತ್ತೆರಡು ಕಡ್ಡಿಗಳ ಲೆಕ್ಕ

ಹಳೆಯ ಮಾದರಿಯ ಕರಿ ಸೈಕಲ್ ಕಂಡರೆ ಅದರ ಚಕ್ರದ ಕಡ್ಡಿಗಳನ್ನು ಎಣಿಸಿ ನೋಡಿ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಇರುವುದು ವಾಡಿಕೆ. ಸವಾರನ ಭಾರದ ಹೆಚ್ಚಿನ ಪಾಲು, ಕ್ಯಾರಿಯರ್ ಮೇಲಿನ ಮೂಟೆ, ಪೆಡಲ್ ತುಳಿದಾಗಿನ ಸೆಳೆತ ಎಲ್ಲವೂ ಹಿಂದಿನ ಚಕ್ರದ ಮೇಲೇ ಬೀಳುವುದರಿಂದ ಈ ವ್ಯತ್ಯಾಸ. ಒಟ್ಟು 72.

ಸೈಕಲ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ಗುಮಾಸ್ತರು 'ಕಡ್ಡಿ 72' ಎಂದಷ್ಟೇ ಬರೆದರೆನ್ನಿ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದನ್ನು ಓದಿದ ಮತ್ತೊಬ್ಬರು ಎರಡು ಚಕ್ರಕ್ಕೂ ಸಮನಾಗಿ ಹಂಚಿ, 36 ರಂಧ್ರಗಳ ರಿಮ್‌ಗಳನ್ನು ತರಿಸಿದರೆ? ಹಬ್‌ಗಳಲ್ಲಿ ಇರುವುದು 32 ಮತ್ತು 40 ರಂಧ್ರ. ಮೊತ್ತ ಸರಿಯಾಗಿಯೇ ಇದೆ, ಚಕ್ರ ಮಾತ್ರ ಆಗುವುದಿಲ್ಲ!

ಒಂದು ವಸ್ತುವಿಗೆ ಬೇಕಾದ ಭಾಗಗಳ ಪಟ್ಟಿಯನ್ನು ಕಾರ್ಖಾನೆಗಳಲ್ಲಿ 'ಬಿಲ್ ಆಫ್ ಮೆಟೀರಿಯಲ್ಸ್' ಎನ್ನುತ್ತಾರೆ. ಬಿಲ್ ಎಂದೊಡನೆ ಪೋಷಕರು ಜೇಬು ಮುಟ್ಟಿಕೊಳ್ಳಬೇಕಿಲ್ಲ. ಇದು ಹಣದ ಚೀಟಿಯಲ್ಲ. ಮದುವೆ ಅಡುಗೆಯವರು ಕೊಡುವ ಸಾಮಾನಿನ ಪಟ್ಟಿಯ ಹಾಗೆ ಅಂದುಕೊಳ್ಳಿ. ಅಲ್ಲಿ 'ತೆಂಗಿನಕಾಯಿ 100' ಎಂದಿರುತ್ತದೆ. ಹುಳಿಗೆ ಎಷ್ಟು, ಪಲ್ಯಕ್ಕೆ ಎಷ್ಟು, ಒಬ್ಬಟ್ಟಿಗೆ ಎಷ್ಟು ಎಂಬುದು ಅಡುಗೆ ಭಟ್ಟರ ತಲೆಯಲ್ಲಿರುತ್ತದೆ. ನೂರಾರು ಜನ ದುಡಿಯುವ ಕಾರ್ಖಾನೆಯಲ್ಲಿ ಯಾರ ತಲೆಯನ್ನೂ ಹೀಗೆ ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಅಲ್ಲಿ ಪಟ್ಟಿಯನ್ನು ಮರದಂತೆ ಬರೆಯುತ್ತಾರೆ. ಸೈಕಲ್ ಕಾಂಡ, ಹಿಂದಿನ ಚಕ್ರ ಒಂದು ಕೊಂಬೆ, ಅದರಲ್ಲಿ ಹಬ್ 1, ರಿಮ್ 1, ಕಡ್ಡಿ 40, ನಿಪ್ಪಲ್ 40. ಹಬ್ ಮತ್ತೆ ಒಂದು ರೆಂಬೆ. ಅದರಲ್ಲಿ ಆಕ್ಸಲ್, ಕೋನ್, ಬಾಲ್ಸ್.

ಮರ ಬರೆದರೆ ಬರುವ ಲಾಭವನ್ನು ಗುಣಾಕಾರ ಬಲ್ಲ ಮಕ್ಕಳೇ ಹೇಳಬಹುದು. 500 ಸೈಕಲ್ ಆಗಬೇಕು. ಗೋದಾಮಿನಲ್ಲಿ ಹೆಣೆದಿಟ್ಟ 60 ಹಿಂದಿನ ಚಕ್ರಗಳೂ 1,600 ಬಿಡಿ ಕಡ್ಡಿಗಳೂ ಇವೆ. ಮರ ನೋಡಿದವರು ಮೊದಲು ಚಕ್ರ ಕಳೆಯುತ್ತಾರೆ: 440 ಚಕ್ರ ಸಾಕು. ಅದಕ್ಕೆ 17,600 ಕಡ್ಡಿ. ಇರುವುದನ್ನು ಕಳೆದರೆ ಕೊಳ್ಳಬೇಕಾದದ್ದು 16,000. ಉದ್ದಪಟ್ಟಿ ನೋಡಿದವರಿಗೆ ಹೆಣೆದ ಚಕ್ರದೊಳಗಿನ ಕಡ್ಡಿ ಕಾಣುವುದಿಲ್ಲ. ಅವರು 20,000ದಿಂದ 1,600 ಕಳೆದು 18,400 ಕೊಳ್ಳುತ್ತಾರೆ. ಬೇಡದ 2,400 ಕಡ್ಡಿ ತುಕ್ಕು ಹಿಡಿಯುತ್ತಾ ಕೂರುತ್ತದೆ. ಇದಕ್ಕಿಂತ ಕಷ್ಟದ್ದು ಕೊರತೆ. ಒಂದು ಅಳತೆಯ ಬಾಲ್ಸ್ ಬರಲಿಲ್ಲವೆಂದರೆ ಉಳಿದೆಲ್ಲ ಭಾಗಗಳಿಗೆ ಹಣ ಸುರಿದಿದ್ದರೂ 500 ಸೈಕಲ್‌ಗಳಲ್ಲಿ ಒಂದೂ ಹೊರಗೆ ಹೋಗದು.

ಅಮೆರಿಕದ ಜೋಸೆಫ್ ಆರ್ಲಿಕಿ 1975ರಲ್ಲಿ ಈ ವಿಷಯದ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಅವರ ವಾದ ಬಲು ಸರಳ. ಎಷ್ಟು ಸೈಕಲ್ ಮಾರಾಟವಾದೀತು ಎಂಬುದನ್ನು ಊಹಿಸಬೇಕು; ಎಷ್ಟು ಕಡ್ಡಿ ಬೇಕು ಎಂಬುದನ್ನು ಊಹಿಸಬಾರದು, ಲೆಕ್ಕ ಹಾಕಬೇಕು. ಇಂದು ಆ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ, ನಿಜ. ಆದರೆ ಮರವನ್ನು ತಪ್ಪಾಗಿ ಬರೆದಿದ್ದರೆ ತಪ್ಪು ಉತ್ತರವೂ ಅಷ್ಟೇ ಬೇಗ ಬರುತ್ತದೆ.

ಮರ ಬರೆಯುವುದರಲ್ಲಿಯೂ ಎರಡು ಮತಗಳಿವೆ. ನಕ್ಷೆ ಬರೆಯುವ ಎಂಜಿನಿಯರ್‌ಗೆ 'ಬ್ರೇಕ್' ಎಂಬುದು ಒಂದೇ ಕೊಂಬೆ: ಲಿವರ್, ಸರಳು, ಬ್ರೇಕ್ ಶೂ. ಜೋಡಿಸುವ ಫಿಟ್ಟರ್‌ಗೆ ಹಾಗಲ್ಲ. ಲಿವರ್ ಹ್ಯಾಂಡಲ್‌ಗೆ ಒಂದು ಕಡೆ ಸೇರುತ್ತದೆ. ಶೂಗಳು ಇನ್ನೊಂದು ಕಡೆ, ರಿಮ್‌ನ ಬಳಿ. ಎಲೆಗಳು ಅವೇ, ಕೊಂಬೆಗಳು ಬೇರೆ. ಕೆಲಸ ನಡೆಯುವ ಜಾಗದಲ್ಲಿ ಫಿಟ್ಟರ್‌ನ ಮರವೇ ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಆದರೆ ನಕ್ಷೆಯಲ್ಲಿ ಒಂದು ಸ್ಕ್ರೂ ಬದಲಾದರೂ ಆ ಸುದ್ದಿ ಅದೇ ದಿನ ಎರಡೂ ಮರಗಳಿಗೆ ಮುಟ್ಟಬೇಕು. ಇಲ್ಲವಾದರೆ ಹಳೆಯ ಸ್ಕ್ರೂಗೇ ಆರ್ಡರ್ ಹೋಗುತ್ತಿರುತ್ತದೆ.

ಬಣ್ಣದ ಮಾತೂ ಇದೆ. ಮೂರು ಬಣ್ಣ, ಎರಡು ಬಗೆಯ ಸೀಟು ಎಂದರೆ ಆರು ಸೈಕಲ್. ಆರು ಪೂರ್ತಿ ಮರ ಬರೆಯುವುದು ದಂಡ. ಬದಲಾಗುವ ಕೊಂಬೆಗಳನ್ನಷ್ಟೇ ಬೇರೆ ಬರೆದು, ಚಕ್ರ ಮುಂತಾದವನ್ನು ಎಲ್ಲಕ್ಕೂ ಸಾಮಾನ್ಯವಾಗಿ ಇಟ್ಟರಾಯಿತು.

ಮಕ್ಕಳೇ, ಈ ವಾರ ಒಂದು ಒತ್ತುವ ಬಾಲ್‌ಪೆನ್ ಬಿಚ್ಚಿ, ಅದರ ಮರ ಬರೆಯಿರಿ. ಸ್ಪ್ರಿಂಗ್ ಕಳೆದೀತು, ತಟ್ಟೆಯ ಮೇಲಿಟ್ಟು ಬಿಚ್ಚಿ. ರೀಫಿಲ್ ಬಂದಾಗ ಸ್ವಲ್ಪ ನಿಲ್ಲಿ: ಅದು ಎಲೆಯೋ, ಕೊಂಬೆಯೋ? ರೀಫಿಲ್ ಕೊಂಡು ತಂದು ಪೆನ್ನು ಜೋಡಿಸುವವರ ಮರವನ್ನೂ, ರೀಫಿಲನ್ನೂ ತಾವೇ ತಯಾರಿಸುವವರ ಮರವನ್ನೂ ಅಕ್ಕಪಕ್ಕ ಬರೆದು ನೋಡಿ.