ಇರಾನಿನಲ್ಲಿ ಆತ್ಮಹತ್ಯೆಯ ಯತ್ನಗಳು

ಇರಾನ್ ದೇಶದಿಂದ ನಮಗೆ ಬರುವ ವರ್ತಮಾನಗಳು ಬಹುಮಟ್ಟಿಗೆ ಎಣ್ಣೆ, ಯುದ್ಧ, ರಾಜತಂತ್ರಗಳಿಗೆ ಸಂಬಂಧಿಸಿದವು. ಆ ದೇಶದ ಮನೆಗಳೊಳಗೆ ಸದ್ದಿಲ್ಲದೆ ನಡೆಯುತ್ತಿರುವ ಒಂದು ಅನರ್ಥದ ಕಡೆಗೆ ನಮ್ಮ ವಾಚಕರ ಗಮನವನ್ನು ಇಂದು ಸೆಳೆಯಬಯಸುತ್ತೇವೆ. ಬಾಳಿಗೆ ಬೇಸತ್ತು ತಮ್ಮ ಪ್ರಾಣವನ್ನು ತಾವೇ ಕಳೆದುಕೊಳ್ಳಲೆಳಸುವ ತರುಣ ತರುಣಿಯರ ವಿಷಯವೇ ಅದು.

ಒಟ್ಟು ಲೆಕ್ಕವನ್ನು ಮಾತ್ರ ನೋಡುವವರಿಗೆ ಗಾಬರಿಯಾಗಲಾರದು. ವಿಶ್ವ ಆರೋಗ್ಯ ಸಂಸ್ಥೆಯು 2019ನೆಯ ವರ್ಷಕ್ಕೆ ಮಾಡಿದ ಅಂದಾಜಿನಂತೆ, ಆತ್ಮಹತ್ಯೆಯಿಂದ ಸಾಯುವವರು ಜಗತ್ತಿನಲ್ಲಿ ಲಕ್ಷಕ್ಕೆ ಸುಮಾರು 9 ಮಂದಿ. ಇರಾನಿನಲ್ಲಿ ಸುಮಾರು 5 ಮಂದಿ. ಇಸ್ಲಾಂ ಧರ್ಮದ ಕಟ್ಟುನಿಟ್ಟಾದ ನಿಷೇಧವೂ ಕುಟುಂಬದ ಆಸರೆಯೂ ಇದಕ್ಕೆ ಕಾರಣವೆಂದು ಹೇಳುವರು. ಅದು ನಿಜವಿರಬಹುದು, ಮಾನಕ್ಕೆ ಅಂಜಿ ಮನೆಯವರು ಮುಚ್ಚಿಡುವ ಪ್ರಸಂಗಗಳು ಲೆಕ್ಕಕ್ಕೆ ಸೇರುವುದಿಲ್ಲವೆಂಬುದೂ ಅಷ್ಟೇ ನಿಜ. ಆದರೆ ಪಶ್ಚಿಮ ಭಾಗದ ಇಲಾಮ್, ಕರ್ಮಾನ್‌ಶಾಹ್, ಲುರಿಸ್ತಾನ್ ಪ್ರಾಂತಗಳಲ್ಲಿ ಈ ಪ್ರಮಾಣವು ದೇಶದ ಸರಾಸರಿಯನ್ನು ಬಹುವಾಗಿ ಮೀರಿದೆ. ಧರ್ಮವು ಅದೇ, ಕಾನೂನು ಅದೇ, ಸರ್ಕಾರವೂ ಅದೇ. ಹಾಗಾದರೆ ಈ ವ್ಯತ್ಯಾಸವು ಎಲ್ಲಿಂದ ಬಂದಿತು?

1980ರಿಂದ 1988ರವರೆಗೆ ಇರಾಕಿನೊಡನೆ ನಡೆದ ಯುದ್ಧದ ಪೆಟ್ಟು ಬಲವಾಗಿ ಬಿದ್ದುದು ಈ ಭಾಗದ ಮೇಲೆ. ಗುಂಡು ನಿಂತ ಮೇಲೂ ದಾರಿದ್ರ್ಯವು ನಿಲ್ಲಲಿಲ್ಲ, ಉದ್ಯೋಗವು ಬರಲಿಲ್ಲ. 2017ರ ನವೆಂಬರಿನ ಭೂಕಂಪವು ಕರ್ಮಾನ್‌ಶಾಹ್ ಪ್ರಾಂತದಲ್ಲಿ ನೂರಾರು ಜನರನ್ನು ನುಂಗಿತು. 2018ರಲ್ಲಿ ಅಮೆರಿಕವು ಪರಮಾಣು ಒಪ್ಪಂದದಿಂದ ಹೊರಬಿದ್ದು ನಿರ್ಬಂಧಗಳನ್ನು ಮತ್ತೆ ಹೇರಿದಾಗ ಇಡೀ ದೇಶದ ನಾಣ್ಯದ ಬೆಲೆ ಕುಸಿದು, ಬಡವನ ರೊಟ್ಟಿ ತುಟ್ಟಿಯಾಯಿತು. ಪರರಾಷ್ಟ್ರಗಳ ಹಟದ ದಂಡವನ್ನು ತೆರುವವರು ಯಾವಾಗಲೂ ಸಾಮಾನ್ಯ ಜನರೇ.

ಆದರೆ ತಪ್ಪನ್ನೆಲ್ಲ ಹೊರಗಿನವರ ಮೇಲೆ ಹೊರಿಸುವುದು ನ್ಯಾಯವಲ್ಲ. ಯತ್ನಿಸುವವರಲ್ಲಿ ಸ್ತ್ರೀಯರು ಹೆಚ್ಚು. ಸಾಯುವವರಲ್ಲಿ ಪುರುಷರು ಹೆಚ್ಚು. ಇರಾನಿನ ಕಾನೂನಿನಂತೆ 13 ವರ್ಷ ತುಂಬಿದ ಹುಡುಗಿಗೆ ವಿವಾಹ ಮಾಡಬಹುದು. ತಂದೆಯ ಇಚ್ಛೆಯೂ ನ್ಯಾಯಾಲಯದ ಒಪ್ಪಿಗೆಯೂ ಇದ್ದರೆ ಅದಕ್ಕೂ ಮೊದಲೇ ಮಾಡಬಹುದು. ವಿಚ್ಛೇದನದ ಅಧಿಕಾರವು ಮುಖ್ಯವಾಗಿ ಗಂಡನ ಕೈಯಲ್ಲಿದೆ. ಮೆಚ್ಚದ ಮದುವೆ, ಗಂಡನ ಹೊಡೆತ, ಅರ್ಧಕ್ಕೆ ನಿಂತ ವಿದ್ಯೆ ಇವುಗಳ ನಡುವೆ ಸಿಕ್ಕಿದವಳಿಗೆ ದೂರು ಹೇಳಲು ಬಾಗಿಲೆಲ್ಲಿ? ಪಶ್ಚಿಮ ಪ್ರಾಂತಗಳಲ್ಲಿ ಪ್ರಾಣದ ಮೇಲೆ ಆಶೆ ಬಿಟ್ಟ ಎಳೆಯ ಗೃಹಿಣಿಯರ ಕಥೆಗಳಲ್ಲಿ ಈ ಸಂಗತಿಗಳೇ ಮರಳಿ ಮರಳಿ ಕಾಣುತ್ತವೆ.

ಮನೋವ್ಯಾಧಿಯ ಪಾತ್ರವೂ ಅಲ್ಪವಲ್ಲ. 2011ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 64 ವಯಸ್ಸಿನವರ ಪೈಕಿ ನೂರಕ್ಕೆ 23.6 ಮಂದಿಗೆ ಆ ಒಂದು ವರ್ಷದೊಳಗೆ ಯಾವುದಾದರೊಂದು ಮಾನಸಿಕ ವ್ಯಾಧಿಯಿದ್ದುದು ಕಂಡುಬಂದಿತು. ಇರಾನ್ ಸರ್ಕಾರವು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಹಳ್ಳಿಗಳ ಆರೋಗ್ಯಗೃಹಗಳಲ್ಲಿರುವ ಬೆಹವರ್ಜ್ ಎಂಬ ಸ್ಥಳೀಯ ಸೇವಕರಿಗೆ 1980ರ ದಶಕದ ಕೊನೆಯಿಂದಲೇ ಮಾನಸಿಕ ಆರೋಗ್ಯದ ಕೆಲಸವನ್ನೂ ವಹಿಸಲಾಗಿದೆ. ಇದು ಶ್ಲಾಘನೀಯವು. ಆದರೆ ಔಷಧದಿಂದ ನಿದ್ರೆಯನ್ನು ಕೊಡಬಹುದು. ಉದ್ಯೋಗವನ್ನಾಗಲಿ ನ್ಯಾಯವನ್ನಾಗಲಿ ಕೊಡಲಾಗದು. ವೈದ್ಯನೂ ಶಾಸನಕಾರನೂ ಕೂಡಿ ಕೆಲಸ ಮಾಡಿದಲ್ಲದೆ ಈ ವ್ಯಾಧಿಯು ಗುಣವಾಗದೆಂಬುದೇ ನಮ್ಮ ಅಭಿಪ್ರಾಯ.

ಒಂದು ಮಾತಿನಲ್ಲಿ ಇರಾನ್ ನಮಗಿಂತ ಮುಂದಿತ್ತು. ಆತ್ಮಹತ್ಯೆಗೆ ಯತ್ನಿಸಿದುದನ್ನು ಅಲ್ಲಿಯ ದಂಡಶಾಸ್ತ್ರವು ಅಪರಾಧವೆಂದು ಎಣಿಸುವುದಿಲ್ಲ. ಪರಕೀಯರು 1860ರಲ್ಲಿ ನಮ್ಮ ಮೇಲೆ ಹೊರಿಸಿದ ದಂಡಸಂಹಿತೆಯ 309ನೆಯ ಕಲಮಾದರೋ ಇಂತಹ ದುಃಖಿಗಳಿಗೆ ಒಂದು ವರ್ಷದವರೆಗೆ ಸೆರೆಯನ್ನು ವಿಧಿಸಿತ್ತು. ಸ್ವರಾಜ್ಯ ಬಂದ ಮೇಲೂ ನಾವು ಅದನ್ನು ಕಾಪಾಡಿಕೊಂಡು ಬಂದೆವು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅದರ ಹಲ್ಲನ್ನು ಕಿತ್ತಿತು. 2024ರ ಜುಲೈ 1ರಂದು ಹೊಸ ಸಂಹಿತೆಯು ಜಾರಿಗೆ ಬಂದಾಗ ಮಾತ್ರ ಅದು ತೊಲಗಿತು.

ಒಮ್ಮೆ ಯತ್ನಿಸಿ ಬದುಕಿದವರೇ ಮತ್ತೆ ಯತ್ನಿಸುವ ಭಯವು ಎಲ್ಲರಿಗಿಂತ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಆದುದರಿಂದ ಟೆಹರಾನಿನಲ್ಲಾಗಲಿ ಧಾರವಾಡದಲ್ಲಾಗಲಿ, ಆಸ್ಪತ್ರೆಯಿಂದ ಮರಳಿದವರನ್ನು ಬೈದು ಬಚ್ಚಿಡದೆ ಬಳಿಯಲ್ಲಿ ಕುಳಿತು ಅವರ ಮಾತನ್ನು ಕೇಳುವುದು ಮನೆಯವರ ಮೊದಲ ಕರ್ತವ್ಯವು. ಇಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಖರ್ಚಿಲ್ಲದೆ ಸಹಾಯ ದೊರೆಯುವುದು. ಇದನ್ನು ಪ್ರತಿಯೊಂದು ಶಾಲೆಯ, ಕಚೇರಿಯ ಗೋಡೆಯ ಮೇಲೆ ಬರೆಯಿಸಬೇಕೆಂದು ಅಧಿಕಾರಿಗಳನ್ನು ಪ್ರಾರ್ಥಿಸುತ್ತೇವೆ.