ನಾಬೋತನ ತೋಟ, ನಮ್ಮ ಹೊಲ



ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯವನ್ನು ಈ ತಿಂಗಳು ಮನೆಮಂದಿಯೆಲ್ಲ ಕೂಡಿ ಓದಬೇಕೆಂದು ಬಿನ್ನವಿಸುತ್ತೇವೆ. ಇಜ್ರೇಲಿನ ನಾಬೋತನಿಗೆ ಅರಮನೆಯ ಮಗ್ಗುಲಲ್ಲಿ ಒಂದು ದ್ರಾಕ್ಷಿತೋಟವಿತ್ತು. ಅರಸನಾದ ಆಹಾಬನು ಕಾಯಿಪಲ್ಯ ಬೆಳೆಯಲು ಅದನ್ನು ಬಯಸಿದನು. ಪುಕ್ಕಟೆಯಾಗಿ ಕೇಳಲಿಲ್ಲ, ಬದಲಿಗೆ ಉತ್ತಮವಾದ ತೋಟವನ್ನು, ಬೇಡವಾದರೆ ಹಣವನ್ನು ಕೊಡುವೆನೆಂದನು. ನಾಬೋತನು ಒಪ್ಪಲಿಲ್ಲ. ಬೆಲೆ ಸಾಲದೆಂದಲ್ಲ, ಪಿತ್ರಾರ್ಜಿತ ಸ್ವಾಸ್ತ್ಯವು ಮಾರುವ ಸರಕಲ್ಲವೆಂದು. ಭೂಮಿಯು ದೇವರದು, ಮನುಷ್ಯನು ಅದರಲ್ಲಿ ಒಕ್ಕಲು ಮಾತ್ರ ಎಂಬುದು ಯಾಜಕಕಾಂಡದ 25ನೆಯ ಅಧ್ಯಾಯದ ಬೋಧೆ.

ಈ ಮಾತು ನಮ್ಮ ಸೀಮೆಯವರಿಗೆ ಬೇಗ ತಿಳಿಯುತ್ತದೆ. 1956ರಲ್ಲಿ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಿಂದಲೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿದವು. 2014ರಲ್ಲಿ ತೆಲಂಗಾಣಕ್ಕೆ ಬಂದವು. ಆಳುವವರು ಬದಲಾದರು, ಗಡಿ ಬದಲಾಯಿತು. ತೊಗರಿಯ ಹೊಲದ ಬದು ಮಾತ್ರ ಇದ್ದಲ್ಲೇ ಇದೆ.

ಜಹೀರಾಬಾದಿನ ಬಳಿ ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು ಸುಮಾರು 12,600 ಎಕರೆ ನೆಲವನ್ನು ಗುರುತಿಸಲಾಯಿತು. 2015ರ 123ನೆಯ ಸರ್ಕಾರಿ ಆದೇಶವು ಒಡೆಯರಿಂದ ನೇರವಾಗಿ ನೆಲ ಕೊಳ್ಳುವ ದಾರಿಯನ್ನು ತೆರೆಯಿತು. ಒಡೆಯನಿಗೆ ಬೆಲೆ ಸಿಕ್ಕೀತು. ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುವ ಕೂಲಿಯವರಿಗೇನು? ಅವರೇ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2016ರ ಆಗಸ್ಟಿನಲ್ಲಿ ಏಕಸದಸ್ಯ ಪೀಠವು ಆ ಆದೇಶವನ್ನು ರದ್ದುಪಡಿಸಿತು. ಸರ್ಕಾರ ಮೇಲ್ಮನವಿ ಹೂಡಿತು. ಕೈಗಾರಿಕೆ ಬೇಡವೆಂದಾಗಲಿ, ಇಂದಿನ ಆಳುವವರು ಆಹಾಬರೆಂದಾಗಲಿ ನಾವು ಹೇಳುವುದಿಲ್ಲ. ನಮ್ಮ ಮಕ್ಕಳಿಗೂ ಉದ್ಯೋಗ ಬೇಕು. ಗುಂಟೆ ನೆಲವಿಲ್ಲದವರೂ ನ್ಯಾಯ ಕೇಳಬಹುದೆಂಬುದನ್ನು ಮರೆಯಬಾರದಷ್ಟೆ.

ಇಜ್ರೇಲಿನಲ್ಲಿ ಅದನ್ನೇ ಮರೆತರು. ಈಜೆಬೆಲಳು ಅರಸನ ಮುದ್ರೆಯೊತ್ತಿ ಊರ ಹಿರಿಯರಿಗೆ ಪತ್ರ ಕಳುಹಿಸಿದಳು. ಹಿರಿಯರು ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿದರು; ನಾಬೋತನನ್ನು ಕಲ್ಲೆಸೆದು ಕೊಂದರು. ಒಬ್ಬನಾದರೂ ಆಗದೆಂದನೆಂದು ಬರೆದಿಲ್ಲ. ಪ್ರವಾದಿಯಾದ ಎಲೀಯನು ಬಂದು ಅರಸನನ್ನು ಖಂಡಿಸಿದ್ದು ನಿಜ. ಆದರೆ ಆ ವೇಳೆಗೆ ನಾಬೋತನು ಸತ್ತಿದ್ದನು. ಪ್ರವಾದಿ ಬರುವ ಮುಂಚೆಯೇ ಹಿರಿಯರು ಬಾಯಿ ತೆರೆದಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಆ ಹಿರಿಯರ ಸ್ಥಾನದಲ್ಲಿ ನಾವೂ ಆಗಾಗ ಕುಳಿತಿರುತ್ತೇವೆ. ಅಣ್ಣತಮ್ಮಂದಿರ ಪಾಲಿನ ಕಾಗದಕ್ಕೆ ಸಾಕ್ಷಿ ಹಾಕುವಾಗ ಅಕ್ಕತಂಗಿಯರ ಹೆಸರು ಬಿಟ್ಟದ್ದನ್ನು ಕಂಡೂ ಕಾಣದಂತಿರುತ್ತೇವೆ. ತಂದೆಯು ಮರಣಶಾಸನ ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲೆಂದು ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ವಿಧವೆಯ ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಒತ್ತುವವನನ್ನು ನೆರೆಯವನೆಂದು ಸುಮ್ಮನೆ ಬಿಡುತ್ತೇವೆ. ಕಿರೀಟವಿಲ್ಲದಿದ್ದರೂ ಆಹಾಬನ ಆಸೆ ಗೇಣು ನೆಲದಲ್ಲಿಯೂ ಬೇರೂರುತ್ತದೆ.

ಎಲೀಯನ ಮಾತು ಕೇಳಿ ಆಹಾಬನು ಗೋಣಿತಟ್ಟನ್ನುಟ್ಟು ಉಪವಾಸವಿದ್ದನು. ಅಂಥವನ ತಗ್ಗುವಿಕೆಯನ್ನೂ ದೇವರು ಲಕ್ಷಿಸಿ, ಅವನ ದಿನಗಳಲ್ಲಿ ಕೇಡು ಬರದಂತೆ ತಡೆದನು. ಆ ಕೃಪೆಯ ಬಾಗಿಲು ನಮಗೂ ಮುಚ್ಚಿಲ್ಲ. ಆದುದರಿಂದ ಪಾಲು ತಪ್ಪಿಸಿದವರು ಸಹೋದರಿಯನ್ನು ಮನೆಗೆ ಕರೆಯಲಿ. ಬದು ಒತ್ತಿದವರು ಬರುವ ಬಿತ್ತನೆಗೆ ಮುಂಚೆ ಅದನ್ನು ಮೊದಲಿನ ಎಡೆಗೆ ಸರಿಸಲಿ.